ನಟ್ಟು ಕೂರುವ ಜಾಗ

ಇಲಿ ಕುಕ್ಕರಗಾಲಲ್ಲಿ ಕೂತು ಹಳೇ ರಬ್ಬರ್ ಚಪ್ಪಲಿಯೊಂದನ್ನು ಬ್ಲೇಡಿನಿಂದ ಕತ್ತರಿಸುತ್ತಿದ್ದಳು. ಎದುರಿಗೆ ಅಪ್ಪ. ಇಬ್ಬರ ನಡುವೆ ಟೈರು ಕಳಚಿದ ಟ್ರೇಲರ್ ಚಕ್ರವೊಂದು ಗೋಣಿಚೀಲದ ಮೇಲೆ ಅಂಗಾತ ಬಿದ್ದಿತ್ತು. ಅವಳು ಚಪ್ಪಲಿಯಿಂದ ಕೊರೆದು ತೆಗೆದ ಬಿರಡೆಯನ್ನು ಅಪ್ಪ ಬೆರಳ ತುದಿಯಲ್ಲಿ ಒಮ್ಮೆ ಹೊರಳಿಸಿ, ಚಕ್ರದ ನಡುವಿನ ತೂತಿಗೆ ಒತ್ತಿ ಕೂರಿಸುತ್ತಿದ್ದ. ಸರಿಹೋಗದ ಬಿರಡೆಯನ್ನು ಅವಳ ಮೊಣಕಾಲ ಮೇಲೆ ವಾಪಸ್ ಇಡುತ್ತಿದ್ದ. ಅವಳು ಇನ್ನಷ್ಟು ಹೆರೆದು ಕೊಡುತ್ತಿದ್ದಳು. ತೂತುಗಳೆಲ್ಲ ಮುಚ್ಚಿದ ಮೇಲೆ ಅಪ್ಪ ಅಂಗೈಯನ್ನು ಚಕ್ರದ ಮೇಲೆಲ್ಲ ಒಂದು ಸುತ್ತು ಆಡಿಸಿದ, ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವ ಹಾಗೆ. ಆಮೇಲೆ ಎದ್ದು ಸ್ಪ್ರೇ ಗನ್ನಿಗೆ ಕೈ ಚಾಚಿದ. ಗನ್ನು ಅಲ್ಲಿರಲಿಲ್ಲ, ಒಂದು ಗೇಣು ಆಚೆಗಿತ್ತು. ಇಲಿ ಅದನ್ನು ಸದ್ದಾಗದ ಹಾಗೆ ಅವನ ಕೈಯ ಕೆಳಗೆ ಸರಿಸಿದಳು.

ಮನೆಯ ಹಿಂಬದಿಗೆ ತಗಡು ಹೊದಿಸಿ ಮಾಡಿದ ಶೆಡ್ಡು ಅದು. ಗೋಡೆಗೆ ಬಣ್ಣದ ಮೇಲೆ ಬಣ್ಣ ಹಾರಿ ಕೂತು ಮರದ ತೊಗಟೆಯ ಹಾಗೆ ದಪ್ಪಗಟ್ಟಿತ್ತು. ಉಗುರಿನಿಂದ ಕೆರೆದರೆ ಕೆಂಪು, ಅದರಡಿ ನೀಲಿ, ಅದರಡಿ ಬೂದು. ಅಪ್ಪ ದುಡಿದ ವರ್ಷಗಳೆಲ್ಲ ಪದರ ಪದರವಾಗಿ ಕೈಗೆ ಸಿಗುತ್ತಿದ್ದವು. ಅಡುಗೆಮನೆಯ ಕಿಟಕಿ ಶೆಡ್ಡಿನ ಕಡೆಗೇ ತೆರೆಯುತ್ತಿದ್ದುದರಿಂದ ಅನ್ನಕ್ಕೂ ತುಸು ತಿನ್ನರ್ ವಾಸನೆ ಅಂಟುತ್ತಿತ್ತು. ಅಮ್ಮ ಇದ್ದಾಗ ಗೊಣಗುತ್ತ ಕಿಟಕಿ ಮುಚ್ಚುತ್ತಿದ್ದಳು. ಅಮ್ಮ ಹೋದ ಮೇಲೆ ಅಕ್ಕ ಮುಚ್ಚುವುದನ್ನು ಬಿಟ್ಟಳು. ಮಾತಂತೂ ಇಲ್ಲ, ವಾಸನೆಯಾದರೂ ಬರುತ್ತಿದ್ದರೆ ಇಬ್ಬರೂ ಅಲ್ಲಿದ್ದಾರೆಂದು ಗೊತ್ತಾಗುತ್ತದೆ ಎಂದು ಅವಳ ಲೆಕ್ಕ.

ಇಲಿ ಎಂದು ಹೆಸರಿಟ್ಟವನು ಭಾವ, ಅಕ್ಕನ ಗಂಡ. ಮದುವೆಯಾಗಿ ಈ ಮನೆಗೇ ಬಂದು ಸೇರಿದ ಹೊಸತರಲ್ಲಿ, ಬಾಗಿಲ ಸಂದಿಯಿಂದ ತನ್ನನ್ನು ಇಣುಕಿ ನೋಡುತ್ತಿದ್ದ ಹುಡುಗಿಯ ಕಡೆ ತಿರುಗದೆಯೇ, ಈ ಮನೆಯಲ್ಲಿ ಇಲಿ ಇದ್ದ ಹಾಗಿದೆ, ಒಂದು ಬೋನು ತರಬೇಕು ಎಂದಿದ್ದ. ಹೆಸರು ನಿಂತುಬಿಟ್ಟಿತು. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದವಳು ಬೇಗನೆ ಶಾಲೆ ಬಿಟ್ಟು ಶೆಡ್ಡು ಸೇರಿದ್ದಳು. ಅಲ್ಲಿ ಮಾತು ಬೇಕಿರಲಿಲ್ಲ. ನೋಡುವುದಷ್ಟೇ ಬೇಕಿತ್ತು, ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಶೆಡ್ಡಿಗೆ ಬಂದ ಮೊದಲ ದಿನ ಅಪ್ಪ ಕಲಿಸಿದ ಮೊದಲ ಪಾಠ ಬಿರಡೆಯದೇ. ಟ್ರೇಲರ್ ಚಕ್ರದ ನಡುವಿನ ತೂತುಗಳ ಬಾಯಿ ಬಟ್ಟಲಿನ ಹಾಗೆ ಒಳಮುಖವಾಗಿ ಇಳಿದಿರುತ್ತದೆ. ನಟ್ಟು ಬಂದು ಆ ಬಟ್ಟಲಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿ ಕೂರಬೇಕು. ನಡುವೆ ಬಣ್ಣ ದಪ್ಪಗೆ ಸಿಕ್ಕಿಕೊಂಡರೆ, ಬಿಗಿ ಮಾಡುವಾಗ ಬಿಗಿಯಾದ ಹಾಗೇ ಕಾಣುತ್ತದೆ. ದಾರಿ ಸಾಗಿದಂತೆ ಆ ಬಣ್ಣ ಜಜ್ಜಿ ಹಿಟ್ಟಾಗಿ ಉದುರಿ, ನಟ್ಟಿನ ಕೆಳಗೆ ಜಾಗ ಬಿಟ್ಟುಕೊಡುತ್ತದೆ. ಅಪ್ಪ ಇಷ್ಟೆಲ್ಲ ವಿವರಿಸಿರಲಿಲ್ಲ. ಅವಳ ಹೆಬ್ಬೆರಳನ್ನು ಹಿಡಿದು ತೂತಿನ ಬಾಯಿಗೆ ಒತ್ತಿ, "ಇದು ನಟ್ಟು ಕೂರೋ ಜಾಗ. ಇಲ್ಲಿಗೆ ಬಣ್ಣ ತಾಗಬಾರದು," ಎಂದಿದ್ದ, ಅಷ್ಟೆ. ಉಳಿದದ್ದನ್ನು ಅವಳು ನೋಡಿ ನೋಡಿ ತಿಳಿದುಕೊಂಡಳು.

ಈಚೆಗೆ ಅಪ್ಪನ ಕಣ್ಣಿಗೆ ಮಂಜು ಕವಿದಿತ್ತು. ಒಂದು ಕಣ್ಣಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ. ವೈದ್ಯರು ಮಾಡುವುದನ್ನೆಲ್ಲ ಮಾಡಿ, ಇನ್ನು ಇರುವುದನ್ನು ಕಾಪಾಡಿಕೊಳ್ಳಿ ಎಂದು ಕೈ ತೊಳೆದುಕೊಂಡಿದ್ದರು. ಅದು ಮನೆಯವರಿಗೆಲ್ಲ ಗೊತ್ತಿತ್ತು. ಎಷ್ಟು ಕವಿದಿದೆ ಎಂಬುದು ಇಲಿಗೆ ಮಾತ್ರ ಗೊತ್ತಿತ್ತು. ಡಬ್ಬಿಗಳನ್ನು ಇದ್ದ ಜಾಗದಲ್ಲೇ ಇಡುವುದು, ಬಣ್ಣ ಕಲಸುವಾಗ ಅಪ್ಪ ಕೇಳುವ ಮೊದಲೇ ಸಾಕು ಎಂಬಂತೆ ಡಬ್ಬಿಯನ್ನು ತಟ್ಟುವುದು, ಅವನು ಬಿಟ್ಟುಹೋದ ಅಂಚನ್ನು ಅವನು ಕೈ ತೊಳೆಯಲು ಹೋದಾಗ ಬ್ರಷ್ಷಿನಿಂದ ತೀಡುವುದು, ಇವೆಲ್ಲ ಅವಳ ಕೆಲಸಗಳಾಗಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ.

ಭಾವ ಕೆಟ್ಟವನಲ್ಲ. ಟ್ರೇಲರುಗಳ ಅಚ್ಚು, ಬೇರಿಂಗು ನೋಡಿಕೊಂಡು, ತನ್ನ ಸಣ್ಣ ಲಾರಿಗೆ ಅವನ್ನು ಕಟ್ಟಿಕೊಂಡು ದೋಣಿಕಟ್ಟೆಗೆ ಓಡಾಡುವ ಮನುಷ್ಯ. ಬಾಯಿ ತೆರೆದರೆ ತಮಾಷೆ. "ಮಾವ, ನೀವು ದುಡಿದದ್ದು ಸಾಕು. ಜಗಲಿ ಮೇಲೊಂದು ಮಂಚ ಹಾಕಿಸ್ತೀನಿ, ರಾಜನ ಹಾಗೆ ಕೂತ್ಕೊಳ್ಳಿ," ಎಂದು ಪ್ರೀತಿಯಿಂದಲೇ ಹೇಳುತ್ತಿದ್ದ. ಆ ಮಂಚದ ಮಾತು ಬಂದ ದಿನ ಅಪ್ಪ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅಕ್ಕ ಉಪ್ಪು ಹೆಚ್ಚಾಯಿತೇನೋ ಎಂದುಕೊಳ್ಳುತ್ತಿದ್ದಳು. ಉಪ್ಪಿನದಲ್ಲ ಎಂಬುದು ಇಲಿಗೆ ಗೊತ್ತಿತ್ತು. ಅಪ್ಪನಿಗೆ ಆ ಮಂಚ ಚಟ್ಟದ ಹಾಗೆ ಕೇಳಿಸುತ್ತಿತ್ತು.

ದೋಣಿಕಟ್ಟೆ ಎಂದರೆ ಸಮುದ್ರಕ್ಕೆ ಇಳಿಯುವ ಕಾಂಕ್ರೀಟಿನ ಇಳಿಜಾರು. ದೋಣಿ ಹೊತ್ತ ಟ್ರೇಲರನ್ನು ಹಿಮ್ಮುಖವಾಗಿ ನೀರಿಗಿಳಿಸಿ, ದೋಣಿ ತೇಲಿದ ಮೇಲೆ ಬರಿದಾಗಿ ಎಳೆದುಕೊಳ್ಳುತ್ತಾರೆ. ಚಕ್ರಗಳು ದಿನಕ್ಕೆ ಎಷ್ಟು ಸಲ ಉಪ್ಪುನೀರು ಕುಡಿಯುತ್ತವೋ. ಉಪ್ಪು ಕುಡಿದ ಕಬ್ಬಿಣ ಸುಮ್ಮನಿರುತ್ತದೆಯೇ? ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳೇ ಗಾಯದ ಹಕ್ಕಳೆಯ ಹಾಗೆ ತುಕ್ಕು ಏಳುತ್ತಿತ್ತು. ಕಟ್ಟೆಗೆ ಹೊಸದಾಗಿ ಬಂದ ಮ್ಯಾನೇಜರಿಗೆ ಅದು ಕಣ್ಣಿಗೆ ಕಸ ಬಿದ್ದ ಹಾಗಾಯಿತು. ಕಟ್ಟೆಯ ಟ್ರೇಲರುಗಳ ಚಕ್ರಗಳಿಗೆಲ್ಲ ಒಂದೇ ತರಹದ, ಬಾಳಿಕೆ ಬರುವ ಲೇಪ ಆಗಬೇಕು, ಯಾವುದೆಂದು ನೀವೇ ಪರೀಕ್ಷೆ ಮಾಡಿ ತೋರಿಸಿ ಎಂದರು. ಒಂದು ಚುಕ್ಕೆ ತುಕ್ಕು ಕಂಡರೂ ಅದು ಬೇಡ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಹೋದರು.

ಭಾವ ಪೌಡರ್ ಕೋಟಿಂಗಿನ ಕಡೆ. ಬಣ್ಣದ ಪುಡಿಯನ್ನು ಹಿಡಿಸಿ ಒಲೆಯಲ್ಲಿಟ್ಟು ಬೇಯಿಸುವ ಕಾರ್ಖಾನೆಯೊಂದು ಅವನಿಗೆ ಪರಿಚಯವಿತ್ತು. ಚಕ್ರ ಹಾಕಿ ಬಂದರೆ ಮಿಠಾಯಿಯ ಹಾಗೆ ಹೊಳೆಯುತ್ತ ಹೊರಗೆ ಬರುತ್ತದೆ, ಮಾವ ಈ ಹೊಗೆ ಕುಡಿಯುವುದು ತಪ್ಪುತ್ತದೆ ಎಂದ. ಮ್ಯಾನೇಜರು ತಮ್ಮ ಕಡೆಯಿಂದ ಕರಗಿದ ಸತುವಿನಲ್ಲಿ ಅದ್ದಿಸಿದ ಚಕ್ರವೊಂದನ್ನು ಕಳಿಸಿದರು. ಅಪ್ಪ ತನ್ನದೇ ದಾರಿ ಹಿಡಿದ: ಉಜ್ಜಿ ಬೆಳ್ಳಿಯಾಗುವ ತನಕ ಉಪ್ಪುಕಾಗದ, ಅದರ ಮೇಲೆ ಸತುವಿನ ಪ್ರೈಮರ್, ಅದರ ಮೇಲೆ ಹಾರ್ಡ್‌ನರ್ ಕಲಸಿದ ಗಟ್ಟಿ ಬಣ್ಣ, ಕೊನೆಗೆ ಹೊಳಪಿನ ಕೋಟು. ಇಲಿ ಚಪ್ಪಲಿ ಕೊರೆದು ಬಿರಡೆ ಮಾಡಿಕೊಟ್ಟದ್ದು ಆ ಚಕ್ರಕ್ಕೇ. ತನ್ನದು ಸೋತರೆ ಶೆಡ್ಡಿಗೆ ಬೀಗ, ಜಗಲಿಗೆ ಮಂಚ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅಂಗಳದಲ್ಲಿ ಉಪ್ಪುನೀರಿನ ಡ್ರಮ್ಮು ಕೂತಿತು. ಬೆಳಿಗ್ಗೆ ಮೂರೂ ಚಕ್ರಗಳನ್ನು ಅದರಲ್ಲಿ ಮುಳುಗಿಸುವುದು, ಮಧ್ಯಾಹ್ನ ತೆಗೆದು ಬಿಸಿಲಿಗೆ ತೂಗುಹಾಕುವುದು, ಸಂಜೆ ಮತ್ತೆ ಮುಳುಗಿಸುವುದು ಇಲಿಯ ಪಾಲಿಗೆ ಬಂತು. ಭಾವ ದಾರಿಯ ಪೆಟ್ಟೂ ಗೊತ್ತಾಗಲಿ ಎಂದು ಆಗಾಗ ಜಲ್ಲಿಕಲ್ಲು ಹಿಡಿದು ಮೂರಕ್ಕೂ ಬೀಸಿ ಹೊಡೆಯುತ್ತಿದ್ದ, ತನ್ನದಕ್ಕೂ ರಿಯಾಯಿತಿ ಇಲ್ಲದೆ. "ಇಲಿ, ಮಾವನ ಚಕ್ರಕ್ಕೆ ಸ್ನಾನ ಆಯ್ತಾ? ಸೋಪು ಗೀಪು ಹಾಕಿ ಮೋಸ ಮಾಡಬೇಡ," ಎಂದು ರೇಗಿಸುತ್ತಿದ್ದ. ಅವಳು ಅಂಗೈ ಮರೆಯಲ್ಲಿ ನಗುತ್ತಿದ್ದಳು. ಆಗಿನ್ನೂ ಮೋಸ ಇರಲಿಲ್ಲ.

ಮೊದಲು ಕೈಕೊಟ್ಟದ್ದು ಭಾವನ ಚಕ್ರ. ಕಲ್ಲಿನ ಪೆಟ್ಟಿಗೆ ಒಂದೆಡೆ ಚಕ್ಕೆ ಎದ್ದಿತು, ಅಲ್ಲಿಂದ ಉಪ್ಪು ಒಳಗೆ ನುಸುಳಿ ಆ ಹೊಳೆಯುವ ಚರ್ಮವನ್ನು ಕಾದ ಹಾಲಿನ ಕೆನೆಯ ಹಾಗೆ ಎಬ್ಬಿಸಿತು. ಸತುವಿನದು ಗಟ್ಟಿಯಾಗಿಯೇ ಇತ್ತು, ಆದರೆ ಮೈತುಂಬ ಬಿಳಿ ಪುಡಿ ಹೊಮ್ಮಿ ಬೂದಿ ಬಳಿದುಕೊಂಡ ಹಾಗೆ ಕಾಣುತ್ತಿತ್ತು. ಅಪ್ಪನ ಬಣ್ಣ ಮಾತ್ರ ಜಗ್ಗಲಿಲ್ಲ. ಅಪ್ಪ ದಿನಾ ಸಂಜೆ ಅದರ ಮೇಲೆ ಕೈಯಾಡಿಸಿ, ಒಳಗೆ ಹೋಗಿ, ಇನ್ನೊಂದು ತುತ್ತು ಅನ್ನ ಹೆಚ್ಚು ಹಾಕಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಚಕ್ರವನ್ನು ನೀರಿನಿಂದೆತ್ತುವಾಗ ಇಲಿಗೆ ತೂತುಗಳ ಬಾಯಲ್ಲಿ ಕೆಂಪು ಕಂಡಿತು. ನಟ್ಟು ಕೂರುವ ಜಾಗ ಬರಿಯ ಕಬ್ಬಿಣವಲ್ಲವೇ, ಅಲ್ಲಿ ತುಕ್ಕು ಹಿಡಿಯದೆ ಇನ್ನೆಲ್ಲಿ ಹಿಡಿದೀತು. ನಿಜವಾದ ಗಾಡಿಯಲ್ಲಿ ಅದು ನಟ್ಟಿನ ಅಡಿಗೆ ಹೋಗುತ್ತದೆ, ಮೇಲೆ ಒಂದಿಷ್ಟು ಗ್ರೀಸು ಸವರಿದರೆ ಮುಗಿಯಿತು, ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಮ್ಯಾನೇಜರಿಗೆ ಹೇಳಿದ್ದರೆ ಸಾಕಿತ್ತು. ಆದರೆ ಹೇಳುವವರಾರು? ಅಪ್ಪನಿಗೆ ಕಾಣುತ್ತಿರಲಿಲ್ಲ. ಅವಳಿಗೆ ಬಾಯಿರಲಿಲ್ಲ. ಕೆಂಪು ನೀರು ತೂತಿನಿಂದಿಳಿದು ಅಪ್ಪನ ಹೊಳೆಯುವ ಬಣ್ಣದ ಮೇಲೆ ಕಣ್ಣೀರಿನ ಗೆರೆಯ ಹಾಗೆ ಹರಿದಿತ್ತು. ಒಂದು ಚುಕ್ಕೆ ಕಂಡರೂ ಬೇಡ ಎಂದಿದ್ದರಲ್ಲ. ಅವಳು ಗೆರೆಯನ್ನು ಲಂಗದ ತುದಿಯಿಂದ ಒರೆಸಿದಳು. ಮರುದಿನ ಅದು ಮತ್ತೆ ಇಳಿದಿತ್ತು.

ಅಪ್ಪ ಮಲಗಿದ್ದ ಒಂದು ಮಧ್ಯಾಹ್ನ ಅವಳು ಸಣ್ಣ ಬ್ರಷ್ಷು ತಂದು, ತೂತುಗಳ ಬಾಯನ್ನು ಉಜ್ಜಿ, ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣಕ್ಕೆ ಹಾರ್ಡ್‌ನರ್ ಕಲಸಿ ಬಳಿದಳು. ಒಣಗಿದ ಮೇಲೆ ಇನ್ನೊಂದು ಕೈ. ಮತ್ತೂ ಒಂದು. ಪರೀಕ್ಷೆಯ ಚಕ್ರ ತಾನೆ, ಇದಕ್ಕೇನು ಯಾರಾದರೂ ನಟ್ಟು ಹಾಕುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಪ್ಪ ಒಂದಿಷ್ಟು ಕಾಲ ಶೆಡ್ಡಿನಲ್ಲಿ ಉಳಿಯಲಿ. ಅಷ್ಟೇ ಅವಳ ಆಸೆ.

ಮ್ಯಾನೇಜರು ಬಂದ ದಿನ ಅಕ್ಕ ಅಂಗಳ ಗುಡಿಸಿ ಕುರ್ಚಿ ಹಾಕಿದ್ದಳು. ಅವರು ಕೂರಲಿಲ್ಲ. ಭಾವನ ಚಕ್ರದ ಎದ್ದ ಚರ್ಮವನ್ನು ಬೆರಳಿಂದ ಕಿತ್ತು ನೋಡಿ ತಲೆಯಾಡಿಸಿದರು. ಸತುವಿನದನ್ನು ಮುಟ್ಟಿ ಬೆರಳಿಗಂಟಿದ ಬಿಳಿಯನ್ನು ಉಜ್ಜಿಕೊಂಡು, ನೋಡಲು ಚಂದವಿಲ್ಲ ಎಂದರು. ಅಪ್ಪನ ಚಕ್ರದ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ತೂತುಗಳೊಳಗೆ ಇಣುಕಿದರು. ಎಲ್ಲ ಕಡೆಯೂ ತುಕ್ಕು ಶುರುವಾಗುವುದೇ ಈ ತೂತುಗಳಿಂದ, ನಾನು ಬೇರೆ ಊರುಗಳಲ್ಲೂ ನೋಡಿದ್ದೇನೆ, ಇಲ್ಲಿ ಅದೂ ಇಲ್ಲವಲ್ಲ ಎಂದು ಮೆಚ್ಚಿದರು. "ಇದೇ ಇರಲಿ. ಎಲ್ಲಾ ಚಕ್ರಕ್ಕೂ ಹೀಗೇ ಮಾಡಿ, ತೂತು ಸಮೇತ."

ಅಪ್ಪನ ಮುಖ ಅರಳಿತು. ಇಲಿ ಆ ನಗೆಯನ್ನು ಅಮ್ಮ ಹೋದ ಮೇಲೆ ಕಂಡಿರಲಿಲ್ಲ. ತೂತು ಸಮೇತ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಕೈ ತಾನಾಗಿ ಚಕ್ರದ ನಡುವಿಗೆ ಹೋಯಿತು. ಹೆಬ್ಬೆರಳು ಒಂದು ತೂತಿನ ಬಾಯಿಯನ್ನು ಸುತ್ತಿತು, ಇನ್ನೊಂದನ್ನು ಸುತ್ತಿತು, ನಿಂತಿತು. ನಗೆ ಮುಖದಲ್ಲೇ ಉಳಿಯಿತು, ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ ಹಾಗೆ. ಮಂಜು ಕವಿದ ಕಣ್ಣುಗಳು ಮೆಲ್ಲಗೆ ಅವಳಿದ್ದ ಮೂಲೆಯ ಕಡೆ ತಿರುಗಿದವು.

"ಆಯ್ತು," ಎಂದ ಅಪ್ಪ.

ಭಾವ ಬಂದು ಮಾವನ ಹೆಗಲಿಗೆ ಕೈ ಹಾಕಿದ. ಸೋತ ಬೇಸರ ಅವನ ಮುಖದಲ್ಲಿ ಹುಡುಕಿದರೂ ಇರಲಿಲ್ಲ. "ಗೆದ್ರಿ ಮಾವ. ನನ್ನ ತಲೆಗೂ ಒಂದು ಕೋಟು ಹೊಡೀರಿ, ಕೂದಲು ಉದುರೋದಾದ್ರೂ ನಿಲ್ಲಲಿ." ಎಲ್ಲರೂ ನಕ್ಕರು. ಅಕ್ಕ ಒಳಗಿಂದ ಕಾಫಿ ತಂದಳು. ಮಂಚದ ಮಾತು ಆ ದಿನಕ್ಕೆ ಸತ್ತುಹೋಯಿತು.

ಮರುದಿನ ಕಟ್ಟೆಯಿಂದ ಮೊದಲ ಟ್ರೇಲರಿನ ಚಕ್ರಗಳು ಬಂದವು. ಇಲಿ ಬಿರಡೆಯ ಡಬ್ಬಿಗೆ ಕೈ ಹಾಕಿದಳು. ಡಬ್ಬಿ ಇದ್ದ ಜಾಗದಲ್ಲಿರಲಿಲ್ಲ. ಅಪ್ಪ ಅದನ್ನು ಆಗಲೇ ಮೇಲಿನ ಹಲಗೆಗೆ ಏರಿಸಿಟ್ಟಿದ್ದ. ಕಾಣದ ಮನುಷ್ಯ ಸ್ಟೂಲು ಹತ್ತಿ ಇಟ್ಟಿರಬೇಕು. ಅವಳು ಅಲ್ಲೇ ನಿಂತಳು. ಈಗ ಕೇಳುತ್ತಾನೆ, ಈಗ ಬೈಯುತ್ತಾನೆ ಎಂದು ಕಾದಳು. ಬೈದರೆ ಎಲ್ಲವೂ ಸರಿಹೋಗುತ್ತಿತ್ತು. ಅಪ್ಪ ಮ್ಯಾನೇಜರ ಹತ್ತಿರ ಹೋಗಿ ನಿಜ ಹೇಳುತ್ತಿದ್ದ, ಅಥವಾ ಅವಳನ್ನು ಕಳಿಸುತ್ತಿದ್ದ, ಹೋಗಿ ಬಾಯಿ ತೆರೆಯಲೇಬೇಕಾಗುತ್ತಿತ್ತು.

"ತೆಳ್ಳಗೆ ಹೊಡೀತೀನಿ," ಎಂದ ಅಪ್ಪ, ಅವಳಿಗಲ್ಲ, ಎದುರಿನ ತಗಡಿಗೆ ಹೇಳುವ ಹಾಗೆ.

ತೆಳ್ಳಗೆ ಹೊಡೆಯಲು ಕಣ್ಣು ಬೇಕು. ಬಣ್ಣ ಚಕ್ರದ ಮೈಮೇಲಿಂದ ಜಾರಿ ಬಟ್ಟಲುಗಳಲ್ಲಿ ಇಳಿದು ಕೂತಿತು. ಇಲಿ ನೋಡುತ್ತಿದ್ದಳು. ಅಪ್ಪ ಕೈ ತೊಳೆಯಲು ಹೋದಾಗ ಬಟ್ಟೆಯ ಬತ್ತಿ ಮಾಡಿ ಒಂದು ತೂತಿನಿಂದ ಹೀರಿ ತೆಗೆದಳು. ಅಷ್ಟರಲ್ಲಿ ಅವನ ಹೆಜ್ಜೆ ಕೇಳಿಸಿತು. ಕೈಯಲ್ಲಿ ಬತ್ತಿ ಹಿಡಿದದ್ದನ್ನು ಅವನು ಕಾಣಲಾರ ಎಂದು ಗೊತ್ತಿದ್ದೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಚಕ್ರಗಳನ್ನು ಜೋಡಿಸುವಾಗ ಆ ಮನೆಯಲ್ಲಿ ಒಂದು ಪದ್ಧತಿ. ನಟ್ಟು ಬಿಗಿ ಮಾಡಿದವನೇ ಸರಿಯಾಯಿತು ಎನ್ನುವಂತಿಲ್ಲ. ಇನ್ನೊಬ್ಬರು ಸಣ್ಣ ಸುತ್ತಿಗೆಯಿಂದ ಒಂದೊಂದು ನಟ್ಟನ್ನೂ ತಟ್ಟಿ ಸದ್ದು ಕೇಳಬೇಕು. ಕಚ್ಚಿ ಕೂತ ನಟ್ಟು ಠಣ್ ಎನ್ನುತ್ತದೆ. ಅಪ್ಪ ತನ್ನ ಅಪ್ಪನಿಂದ ಕಲಿತದ್ದು. ಭಾವ ಬಿಗಿ ಮಾಡಿದ್ದನ್ನು ತಟ್ಟಿ ನೋಡುವವಳು ಇಲಿ. ಆ ದಿನ ಭಾವ ಚಕ್ರ ನೋಡಿ, ತೂತಿಗೂ ಬಣ್ಣ ಹೊಡೆದಿದ್ದೀರಲ್ಲ ಮಾವ ಎಂದು ಕೇಳಿದ. ತೆಳ್ಳಗಿದೆ, ಏನಾಗಲ್ಲ, ಬಿಗಿಯಾಗಿ ಹಾಕು ಎಂದ ಅಪ್ಪ. ಮಾವನ ಬಾಯಿಂದ ಬಂದ ಮೇಲೆ ಭಾವನಿಗೆ ಅದು ಕಲ್ಲಲ್ಲಿ ಬರೆದ ಹಾಗೆ. ಎದುರುಬದುರು ನಟ್ಟುಗಳನ್ನು ಒಂದಾದ ಮೇಲೊಂದು ತಿರುಗಿಸಿ, ಕೊನೆಗೆ ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಮೈಭಾರವನ್ನೆಲ್ಲ ಬಿಟ್ಟು ಬಿಗಿ ಮಾಡಿದ. ಮತ್ತೊಂದು ಸುತ್ತು ಬಂದ. "ತಟ್ಟಮ್ಮ ಇಲಿ. ನೀನೇ ಸಾಕ್ಷಿ."

ಅವಳು ತಟ್ಟಿದಳು. ಠಣ್ ಎನ್ನಲಿಲ್ಲ. ಒದ್ದೆ ಮರಕ್ಕೆ ಬಡಿದ ಹಾಗೆ, ತುಸು ಮಂಕು. ಒಂದು ನಟ್ಟು ಮಾತ್ರ, ಅವಳು ಬತ್ತಿಯಿಂದ ಬಣ್ಣ ಹೀರಿದ್ದ ತೂತಿನದು, ಗಂಟೆಯ ಹಾಗೆ ನುಡಿಯಿತು. ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವನಿಗೆ ಕಣ್ಣಷ್ಟೇ ಮಂಜು, ಕಿವಿ ಚುರುಕು. ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ಆ ಸದ್ದನ್ನು ಕೇಳಿದ್ದ. ಕೇಳಿ, ಮೆಲ್ಲಗೆ ಹಿಂದಿರುಗಿ ಒಳಗೆ ನಡೆದ. ಅಪ್ಪ ಹೇಳಲಿ ಎಂದು ಅವಳು ಕಾದಳು, ಅವಳು ಹೇಳಲಿ ಎಂದು ಅಪ್ಪ ಕಾದನೋ ಏನೋ. ಭಾವ ಎದುರಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ, ಅವಳ ಮುಖ ನೋಡುತ್ತ. ಇಲಿ ತಲೆಯಾಡಿಸಿದಳು, ಆಯಿತು ಎಂಬಂತೆ.

ಆಮೇಲೆ ಕೆಲವು ದಿನ ಎಲ್ಲವೂ ಚೆನ್ನಾಗಿಯೇ ಇತ್ತು. ಇನ್ನಷ್ಟು ಚಕ್ರಗಳು ಬಂದವು, ಹೋದವು. ಭಾವ ಮನೆಗೆ ಬಂದಾಗೆಲ್ಲ ಕಟ್ಟೆಯ ಗೇಟು ಕಾಯುವ ತಾತನ ಸುದ್ದಿ ಹೇಳುತ್ತಿದ್ದ. ತಾತನಿಗೂ ಅವನಿಗೂ ಮುಗಿಯದ ಕೀಟಲೆ. ನಿನ್ನ ಲಾರಿಗಿಂತ ನನ್ನ ಊರುಗೋಲು ವಾಸಿ ಎಂದು ತಾತ, ನಿನ್ನ ಹಲ್ಲಿಗಿಂತ ನನ್ನ ಗೇರು ವಾಸಿ ಎಂದು ಇವನು. ತಾತ ಅಪ್ಪನ ಬಣ್ಣ ನೋಡಿ, ಈ ಚಕ್ರದಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು ಎಂದನಂತೆ. ಅದನ್ನು ಕೇಳಿ ಅಪ್ಪ ಕೂಡ ನಕ್ಕ. ಇಲಿಗೆ ಏನೂ ಆಗಲಿಕ್ಕಿಲ್ಲ ಎನ್ನಿಸತೊಡಗಿತು.

ಆದದ್ದು ಒಂದು ಬೆಳಿಗ್ಗೆ, ಎಲ್ಲರ ಕಣ್ಣೆದುರು. ದೋಣಿ ಹೇರಿದ ಟ್ರೇಲರನ್ನು ಭಾವ ಇಳಿಜಾರಿನ ತಲೆಯಲ್ಲಿ ತಿರುಗಿಸುತ್ತಿದ್ದ. ಅದು ಮೊದಲು ಬಣ್ಣ ಬಳಿದ ಟ್ರೇಲರೇ. ಚಕ್ರವೊಂದು ಕಳಚಿಕೊಂಡಿತು. ಟ್ರೇಲರು ಒಂದು ಬದಿಗೆ ಕುಸಿದು ನಿಂತಿತು, ಚಕ್ರ ಮಾತ್ರ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಪುಟಿಯುತ್ತ ವೇಗ ಹಿಡಿಯಿತು. ಕೆಳಗೆ ತಾತ ನೀರಿನ ಕಡೆ ಮುಖ ಮಾಡಿ, ಯಾರದೋ ಹಗ್ಗ ಸುತ್ತಿಡುತ್ತಿದ್ದ. ಭಾವ ಕೂಗಿದನಂತೆ. ತಾತ ತಿರುಗಿದ್ದೂ ಚಕ್ರ ಬಂದದ್ದೂ ಒಟ್ಟಿಗೇ ಆಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತಾತ ಭಾವನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟ.

ನೋಡಲು ಬಂದ ಮೆಕ್ಯಾನಿಕ್ಕು ಬೋಲ್ಟುಗಳನ್ನು ನೋಡಿದ, ಬೇರೆ ಚಕ್ರಗಳ ನಟ್ಟುಗಳನ್ನು ಅಲ್ಲಾಡಿಸಿದ, ಬೆರಳಲ್ಲೇ ತಿರುಗಿದವು. ಬಿಗಿ ಮಾಡಿದವನ ಕೈತಪ್ಪು ಎಂದ. ಮ್ಯಾನೇಜರೂ ಅದನ್ನೇ ಹೇಳಿದರು, ಬೇಜಾರಿನಿಂದಲೇ. ಬೀದಿಯವರು ಅದನ್ನೇ ಹೇಳಿದರು, ಬೇಜಾರಿಲ್ಲದೆ. ತಮಾಷೆ ಮಾಡುತ್ತ ಕೆಲಸ ಮಾಡುವವನಿಗೆ ಗಮನ ಎಲ್ಲಿಂದ ಬರಬೇಕು ಎಂದು ನಲ್ಲಿಯ ಹತ್ತಿರ ಯಾರೋ ಅಂದದ್ದು ಅಕ್ಕನ ಕಿವಿಗೆ ಬಿತ್ತು. ಅವಳು ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಇಲಿ ಹೋಗಿ ಕೊಡ ತಂದಳು. ಕಳಚಿದ ಚಕ್ರವನ್ನು ಅಂಗಳದಲ್ಲಿ ತಂದು ಹಾಕಿದ್ದರು. ಅದರ ತೂತುಗಳ ಬಾಯಲ್ಲಿ ಬಣ್ಣ ಜಜ್ಜಿಹೋಗಿ, ಕತ್ತರಿಸಿದ ಉಗುರಿನ ಹಾಗೆ ಚೂರುಚೂರಾಗಿ ಅಂಟಿಕೊಂಡಿತ್ತು. ನೋಡಬಲ್ಲವರಿಗೆ ಅದು ಕಾಣುತ್ತಿತ್ತು. ಯಾರೂ ಬಗ್ಗಿ ನೋಡಲಿಲ್ಲ.

ಭಾವ ಲಾರಿ ಮುಟ್ಟುವುದನ್ನು ಬಿಟ್ಟ. ಬದಲಿಗೆ ಮನೆಯಲ್ಲಿ ಇರುವುದನ್ನೆಲ್ಲ ಬಿಗಿ ಮಾಡತೊಡಗಿದ. ನಲ್ಲಿಯನ್ನು ಎಷ್ಟು ತಿರುಗಿಸುತ್ತಿದ್ದನೆಂದರೆ ಒಳಗಿನ ವಾಷರು ಹಿಂಡಿಹೋಗಿ ಅದು ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕುತ್ತದೆಂದು ಇನ್ನಷ್ಟು ತಿರುಗಿಸುತ್ತಿದ್ದ. ಸಕ್ಕರೆ ಡಬ್ಬಿ, ಎಣ್ಣೆ ಡಬ್ಬಿಗಳ ಮುಚ್ಚಳ ಅಕ್ಕನ ಕೈಗೆ ಬಗ್ಗುತ್ತಿರಲಿಲ್ಲ; ತೆಗೆದುಕೊಡಿ ಎಂದು ಗಂಡನನ್ನು ಕೇಳಲಾರದೆ ಅವಳು ಕಾಫಿಗೆ ಸಕ್ಕರೆ ಹಾಕುವುದನ್ನೇ ಬಿಟ್ಟಳು. ಸಪ್ಪೆ ಕಾಫಿಯನ್ನು ಎಲ್ಲರೂ ಕುಡಿದರು. ಇಲಿ ಎಂದು ಅವನು ಕರೆಯುವುದೂ ನಿಂತಿತು. ಮೊದಮೊದಲು ನಾನು ಎರಡು ಸುತ್ತು ಬಂದಿದ್ದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದವನು, ಆಮೇಲೆ ಬಂದಿದ್ದೆ ಅನ್ನಿಸುತ್ತೆ ಎಂದ. ಆಮೇಲೆ ಅದನ್ನೂ ಹೇಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಬೇರೆ ಯಾರದೋ ವಸ್ತು ತನ್ನ ಹತ್ತಿರ ಉಳಿದುಬಿಟ್ಟಿದೆ ಎನ್ನುವ ಹಾಗೆ ನೋಡುತ್ತ ಕೂರುತ್ತಿದ್ದ, ಜಗಲಿಯ ಮೇಲೆ. ಅಪ್ಪನಿಗೆ ಮಂಚ ಹಾಕಿಸುತ್ತೇನೆ ಎಂದಿದ್ದ ಜಾಗದಲ್ಲಿ.

ಹೇಳಬೇಕೆಂದು ಇಲಿ ಎಷ್ಟೋ ಸಲ ಎದ್ದಳು. ಜಗಲಿಯ ಬಾಗಿಲ ತನಕ ಹೋದಳು. ಹೇಳಿದರೆ ಅಪ್ಪನ ತಪ್ಪನ್ನೂ ಹೇಳಿದ ಹಾಗೆ. ಈ ವಯಸ್ಸಿನಲ್ಲಿ, ಈ ಕಣ್ಣಿನಲ್ಲಿ, ಅವನನ್ನು ಯಾರ ಯಾರ ಮುಂದೆ ನಿಲ್ಲಿಸುತ್ತಾರೋ. ಒಳಗೆ ಬಂದರೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ, ನಿದ್ದೆ ಬಾರದವನ ಉಸಿರಾಟದಲ್ಲಿ. ತೂತಿಗೆ ಮೊದಲು ಬಣ್ಣ ಬಳಿದ ಮಗಳನ್ನು ಅವನೂ ಕಾಪಾಡುತ್ತಿದ್ದಾನೆ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದರಿಂದ ಏನೂ ಹಗುರವಾಗಲಿಲ್ಲ. ಒಬ್ಬರನ್ನೊಬ್ಬರು ಕಾಪಾಡುತ್ತ ಇಬ್ಬರೂ ಸೇರಿ ಮೂರನೆಯವನನ್ನು ಹೂಳುತ್ತಿದ್ದರು.

ಅಪ್ಪ ಮಾಡಿದ್ದು ಒಂದೇ. ಬಣ್ಣ ಸರಿಯಾಗಿ ಬಂದಿಲ್ಲ, ಎಲ್ಲ ಚಕ್ರಗಳನ್ನೂ ಕಳಚಿ ವಾಪಸ್ ಕಳಿಸಿ, ಮತ್ತೆ ಮಾಡಿಕೊಡುತ್ತೇನೆ ಎಂದು ಮ್ಯಾನೇಜರಿಗೆ ಹೇಳಿದ. ಕಾರಣ ಕೇಳಿದ್ದಕ್ಕೆ ಹೊಳಪು ಸಾಲದು ಎಂದ. ಮ್ಯಾನೇಜರಿಗೆ ಈಗ ಎಲ್ಲ ಚಕ್ರಗಳ ಮೇಲೂ ಭಯ, ಕಳಿಸಿದರು. ಶೆಡ್ಡು ತುಂಬ ಚಕ್ರ. ಬಿರಡೆಯ ಡಬ್ಬಿ ಮೇಲಿನ ಹಲಗೆಯಿಂದ ಕೆಳಗಿಳಿಯಿತು. ತಂದೆ ಮಗಳು ಎದುರುಬದುರು ಕೂತು, ಚೂರಿಯಿಂದ ಕೆರೆದು, ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು, ತೂತುಗಳ ಬಾಯನ್ನು ಒಂದೊಂದಾಗಿ ಉಜ್ಜಿ ಕಬ್ಬಿಣ ಕಾಣುವ ತನಕ ಬಿಡಿಸತೊಡಗಿದರು. ಬಣ್ಣದ ಪುಡಿ ಇಬ್ಬರ ಮೊಣಕಾಲ ಮೇಲೆ ಬೀಳುತ್ತಿತ್ತು. ಉಜ್ಜಿ ಉಜ್ಜಿ ಅಪ್ಪನ ಹೆಬ್ಬೆರಳಿನಿಂದ ರಕ್ತ ಒಸರಿತ್ತು. ಅವನು ಅದನ್ನು ಕಾಣಲಿಲ್ಲ, ಅವಳು ಹೇಳಲಿಲ್ಲ.

ಬಾಗಿಲಿಗೆ ನೆರಳು ಬಿತ್ತು. ಭಾವ. ಎಷ್ಟೋ ದಿನಗಳ ಮೇಲೆ ಶೆಡ್ಡಿನ ಕಡೆ ಬಂದಿದ್ದ. ಮೈ ಇಳಿದು ಅಂಗಿ ಇನ್ನೊಬ್ಬರದನ್ನು ತೊಟ್ಟ ಹಾಗಿತ್ತು. ಅವನು ಚಕ್ರಗಳನ್ನು ನೋಡಲಿಲ್ಲ, ಅವರು ಏನು ಉಜ್ಜುತ್ತಿದ್ದಾರೆಂದು ಕೇಳಲಿಲ್ಲ. ಕೇಳಿದ್ದರೆ, ಇಲಿ ಅಂದುಕೊಂಡಳು, ಕೇಳಿಬಿಟ್ಟಿದ್ದರೆ. ಅವನು ಒಳಗೆ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತ. ಸಣ್ಣ ಸುತ್ತಿಗೆ ಅಲ್ಲೇ ಬಿದ್ದಿತ್ತು. ಅದನ್ನೆತ್ತಿ, ತೂಕ ನೋಡುವ ಹಾಗೆ ಕೈಯಲ್ಲಿ ಆಡಿಸಿ, ಅವಳ ಮುಂದಿಟ್ಟ. ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಅವತ್ತು ನೀನು ತಟ್ಟಿ ನೋಡಿದ್ಯಲ್ಲಮ್ಮ," ಎಂದ ಭಾವ. ದನಿ ತೀರಾ ಸಣ್ಣದಾಗಿತ್ತು. "ನನಗೇ ಈಗ ನೆನಪು ಕೈಕೊಡ್ತಿದೆ. ಬಿಗಿ ಮಾಡಿದ್ನೋ ಇಲ್ವೋ ಅಂತ. ಮಾವ, ನೀವೂ ಇಲ್ಲೇ ಇದ್ರಿ. ಯಾರಾದ್ರೂ ಒಬ್ರು ಹೇಳಿ. ನಾನು ನಟ್ಟು ಬಿಗಿ ಮಾಡಿದ್ದೆ ಅಂತ ಒಂದು ಮಾತು ಹೇಳಿ, ಸಾಕು."

ಅಪ್ಪನ ಕೈಯ ಉಪ್ಪುಕಾಗದ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಉಜ್ಜತೊಡಗಿತು.